ಕೋವಿಯ ಮೈಮೇಲಿನ ಶಾಸನ



ಕೆಲವು ವರ್ಷಗಳ ಹಿಂದೆ, ಕೈಲ್‌ಪೊಳ್ದ್ ಎಂಬ ಆಯುಧಹಬ್ಬ ಕಳೆದ ಮೂರನೆಯ ದಿನ, ಕೊಡಗಿನ ಒಂದು ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಕೈಯಾಲೆಯಲ್ಲಿ ಕೂತಿದ್ದೆ. ಹಬ್ಬಕ್ಕೆಂದು ನಳಿಗೆಯ ಬಾಯಿಗೆ ಸಿಕ್ಕಿಸಿದ್ದ ತೋಕ್‌ಪೂ ಆಗಲೇ ಬಾಡಿ, ಎಸಳಿನ ತುದಿ ಕಂದಿತ್ತು. ಮನೆಯ ಹಿರಿಯರು ಆ ಹೂವನ್ನು ತೆಗೆದು ಪಕ್ಕಕ್ಕಿಟ್ಟು, ಕೋವಿಯ ಕುದುರೆ ಎತ್ತಿ, ಮುಚ್ಚಳ ತೆರೆದು, ಒಳಗೆ ತೋಟಾ ಇಲ್ಲವೆಂದು ಬೆರಳು ಹಾಕಿ ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟರು. "ಇದು 1837ರದ್ದು ಮೇಷ್ಟ್ರೇ. ಕಂಪನಿಯ ವಿರುದ್ಧ ದಂಗೆ ಎದ್ದ ಆ ಗಲಾಟೆ ಕಾಲದಲ್ಲಿ ಕಂಪನಿಯವರು ಮೆಚ್ಚಿ ನಮ್ಮ ಮುತ್ತಾತನ ಅಪ್ಪನಿಗೆ ಕೊಟ್ಟಿದ್ದು. ನಮ್ಮ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಎಲ್ಲ ಇದರಿಂದಲೇ."

ಕೋವಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕುದುರೆಯ ಹಿಂದೆ, ಬೀಗದ ತಗಡಿನ ಮೇಲೆ, ಒಂದು ಕಿರೀಟ. ಅದರ ಕೆಳಗೆ ವಿ.ಆರ್. ಎಂಬ ಎರಡು ಅಕ್ಷರ. ಕುದುರೆಯ ಮುಂದೆ 1862 ಎಂಬ ಅಂಕೆ, ಅದರಡಿ ಟವರ್ ಎಂಬ ಮಾತು. ಅಂದರೆ ಹಿರಿಯರು ಹೇಳಿದ ವರ್ಷಕ್ಕೂ ಲೋಹ ಹೇಳುವ ವರ್ಷಕ್ಕೂ ಇಪ್ಪತ್ತೈದು ವರ್ಷಗಳ ಅಂತರ. ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಮುಂದಿನ ಗುರುತುಗಳನ್ನು ಓದತೊಡಗಿದೆ. ಇವತ್ತಿನ ಉಪನ್ಯಾಸ ಹುಟ್ಟಿದ್ದು ಆ ಮಧ್ಯಾಹ್ನ.

ಹಳೆಯ ಕೋವಿಯನ್ನು ನಾನು ಶಾಸನವೆಂದೇ ಓದುತ್ತೇನೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವನ್ನು 1886ರಲ್ಲಿ ತಂದಾಗ ಅದರಲ್ಲಿ ಇದ್ದದ್ದು ಕೊಡಗಿನ ಶಾಸನಗಳೇ. ಶಾಸನ ಓದುವವರು ಶಕವರ್ಷವೊಂದನ್ನೇ ನಂಬಿ ಕೂರುವುದಿಲ್ಲ. ಪಕ್ಕದಲ್ಲಿ ಸಂವತ್ಸರದ ಹೆಸರಿದೆಯೇ, ಅದು ಆ ಶಕವರ್ಷಕ್ಕೆ ಹೊಂದುತ್ತದೆಯೇ, ಹೇಳಿರುವ ರಾಜ ಆಗ ಆಳುತ್ತಿದ್ದನೇ, ಲಿಪಿ ಆ ಕಾಲದ್ದೇ ಎಂದು ಒಂದಕ್ಕೆ ಒಂದನ್ನು ಎದುರಿಟ್ಟು ನೋಡುತ್ತಾರೆ. ಕೋವಿಯನ್ನು ಓದುವುದೂ ಹೀಗೆಯೇ. ಒಂದು ಗುರುತು ಒಂದು ಘಟನೆಗೆ ಮಾತ್ರ ಸಾಕ್ಷಿ. ಬೀಗದ ಮೇಲಿನ ವರ್ಷ ಬೀಗ ತಯಾರಾದ ವರ್ಷ, ಅಷ್ಟೇ. ಅದು ನಳಿಗೆಯ ವರ್ಷವಲ್ಲ, ಕೋವಿ ನಿಮ್ಮ ಮನೆಗೆ ಬಂದ ವರ್ಷವಂತೂ ಅಲ್ಲ.

ಆ ಐನ್‌ಮನೆಯ ಕೋವಿಗೇ ಬರೋಣ. ಕಿರೀಟ ಮತ್ತು ವಿ.ಆರ್. ಎಂದರೆ ವಿಕ್ಟೋರಿಯಾ ರೆಜಿನಾ, ವಿಕ್ಟೋರಿಯಾ ರಾಣಿ. ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಬೀಗದ ಮೇಲಿನ 1862 ಈ ಅವಧಿಯೊಳಗೇ ಬರುತ್ತದೆ; ಇಬ್ಬರು ಸಾಕ್ಷಿಗಳ ಮಾತು ಹೊಂದಿತು. ಟವರ್ ಎಂಬುದು ಲಂಡನ್ನಿನ ಟವರ್ ಕೋಟೆಯನ್ನು ನೆನಪಿಸುತ್ತದೆ. ಹಾಗೆಂದು ಕೋವಿಯನ್ನು ಕೋಟೆಯೊಳಗೇ ಮಾಡಿದರೆಂದು ತಿಳಿಯಬಾರದು. ಸರ್ಕಾರಿ ಕಾರ್ಖಾನೆಯಲ್ಲಿ ಆದದ್ದಕ್ಕೆ ಎನ್‌ಫೀಲ್ಡ್ ಎಂದು ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಖಾಸಗಿ ಗುತ್ತಿಗೆದಾರರು ಮಾಡಿ ಸರ್ಕಾರದ ಪರೀಕ್ಷೆಗೆ ಒಪ್ಪಿಸಿದ ಬೀಗಗಳಿಗೆ ಟವರ್ ಎಂದು. ಯಾರು ಮಾಡಿದರೂ ಮಾದರಿ ಒಂದೇ, 1853ರ ಎನ್‌ಫೀಲ್ಡ್. ಕೊಬ್ಬು ಸವರಿದ ಕಾಗದದ ತೋಟಾಕ್ಕಾಗಿ 1857ರಲ್ಲಿ ಸಿಪಾಯಿಗಳು ತಿರುಗಿಬಿದ್ದದ್ದು ಇದೇ ಎನ್‌ಫೀಲ್ಡ್ ರೈಫಲ್ಲಿನಿಂದಾಗಿ.

ಆದರೆ ಆ ಎನ್‌ಫೀಲ್ಡ್ ಬಾಯಿಯಿಂದ ಮದ್ದು ತುಂಬುವ ಕೋವಿ. ನನ್ನ ಕೈಯಲ್ಲಿದ್ದದ್ದು ತೋಟಾಕೋವಿ! ನಳಿಗೆಯ ಹಿಂಬದಿಯನ್ನು ಕತ್ತರಿಸಿ, ಬಲಕ್ಕೆ ಮಗುಚುವ ಉಕ್ಕಿನ ಮುಚ್ಚಳವೊಂದನ್ನು ಕೂರಿಸಲಾಗಿತ್ತು. ಇದು ಜೇಕಬ್ ಸ್ನೈಡರ್ ಎಂಬ ಅಮೆರಿಕದವನ ಯುಕ್ತಿ. ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1866ರಲ್ಲಿ. ಹೊಸ ಕೋವಿ ಮಾಡಿಸುವ ಖರ್ಚಿಲ್ಲದೆ, ಇದ್ದ ಲಕ್ಷಾಂತರ ಎನ್‌ಫೀಲ್ಡ್‌ಗಳನ್ನೇ ಹೀಗೆ ಬದಲಿಸಿಕೊಂಡರು. ಹಿಂಬದಿಯ ಉಕ್ಕಿನ ಮೇಲೆ ರೋಮನ್ ಎರಡು, ಅದರ ಪಕ್ಕ ಎರಡು ಪುಟ್ಟ ನಕ್ಷತ್ರ. ಆ ಪರಿಷ್ಕಾರ ಬಂದದ್ದು 1867ರಲ್ಲಿ. ಬೀಗ 1862 ಎನ್ನುತ್ತದೆ, ಅದರಿಂದ ನಾಲ್ಕು ಬೆರಳು ದೂರದ ಉಕ್ಕು 1867ಕ್ಕಿಂತ ಮೊದಲಿನದಲ್ಲ ಎನ್ನುತ್ತದೆ. ಎರಡೂ ನಿಜ.

ಮರದ ಕುಂದದ ಮೇಲೆ ಅಗಲ ಬಾಣದ ಗುರುತು. ಬ್ರಿಟಿಷ್ ಸರ್ಕಾರದ ಸ್ವತ್ತಿಗೆಲ್ಲ ಈ ಬಾಣ ಬೀಳುತ್ತಿತ್ತು. 1855ರವರೆಗೆ ಅದರ ಜೊತೆ ಬಿ.ಓ. ಎಂದು, ಆಮೇಲೆ ಡಬ್ಲ್ಯು.ಡಿ. ಎಂದು, ಆರ್ಡ್‌ನೆನ್ಸ್ ಮಂಡಳಿ ಹೋಗಿ ಯುದ್ಧ ಇಲಾಖೆ ಬಂದ ವರ್ಷ ಅದು. ಈ ಕೋವಿಯಲ್ಲಿ ಒಂದು ಬಾಣಕ್ಕೆ ಇನ್ನೊಂದು ಬಾಣ ಮೂತಿಗೆ ಮೂತಿ ತಾಗಿಸಿ ಒತ್ತಿತ್ತು. ಸೇನೆಯಿಂದ ತೆಗೆದು ಮಾರಿದ್ದೇವೆ, ಇದು ಇನ್ನು ಸರ್ಕಾರದ್ದಲ್ಲ ಎಂದು ಅದರ ಅರ್ಥ. ಕೊಂಡವನು ಕಳ್ಳನಲ್ಲ ಎಂಬುದಕ್ಕೆ ಆ ಎರಡನೆಯ ಬಾಣವೇ ರಸೀದಿ.

ನಳಿಗೆಯೊಳಗೆ ಇಣುಕಿದರೆ ಸುರುಳಿ ಗೆರೆಗಳಿರಲಿಲ್ಲ. ಯಾರೋ ಅದನ್ನು ಕೊರೆದು ನುಣುಪು ಮಾಡಿ ಚರೆ ಹಾರಿಸುವ ಬೇಟೆಯ ಕೋವಿಯಾಗಿಸಿದ್ದರು. ನಳಿಗೆಯ ಎಡಮಗ್ಗುಲಲ್ಲಿ ಕಿರೀಟದಡಿ ಬಿ.ಪಿ., ಇನ್ನೊಂದು ಕಿರೀಟದಡಿ ಬಿ.ವಿ. ಇವು ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್‌ನ ಮುದ್ರೆಗಳು. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಒತ್ತುವಂಥವು. ಆ ಪರೀಕ್ಷಾಗೃಹ 1813ರಿಂದ ಇದೆ, ಆದರೆ ಮೊದಲೆಲ್ಲ ಕಿರೀಟದ ಜೊತೆ ಅಡ್ಡಡ್ಡ ಇಟ್ಟ ರಾಜದಂಡಗಳ ಮುದ್ರೆ ಇರುತ್ತಿತ್ತು. ಕಿರೀಟದಡಿ ಬಿ.ಪಿ., ಬಿ.ವಿ. ಎಂಬ ರೂಪ ಬಂದದ್ದು 1904ರ ನಿಯಮಗಳಿಂದ, ಹೋದದ್ದು 1954ರಲ್ಲಿ. ಹಾಗಾಗಿ ಇದು ಬೇಟೆಯ ಕೋವಿಯಾಗಿ ಮರುಪರೀಕ್ಷೆಗೆ ನಿಂತದ್ದು ಆ ಐವತ್ತು ವರ್ಷಗಳ ಒಳಗೆ.

ನುಣುಪು ನಳಿಗೆಯ ಮಾತು ಬಂದಾಗ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1857ರ ಬೆಂಕಿ ಆರಿದ ಮೇಲೆ ಭಾರತದ ಸಿಪಾಯಿಗಳಿಗೆಂದೇ 1858ರ ಮಾದರಿ ಎಂಬ ಕೋವಿಯನ್ನು ಮಾಡಿದರು. ಹೊರಗಿನಿಂದ ಅದು ಅಚ್ಚುಕಟ್ಟಾದ ಎನ್‌ಫೀಲ್ಡ್. ಒಳಗೆ ಮಾತ್ರ ಸುರುಳಿ ಗೆರೆಗಳನ್ನು ಇಟ್ಟೇ ಇರಲಿಲ್ಲ. ಗೋರನ ಗುಂಡು ದೂರ ಹೋಗಬೇಕು, ಸಿಪಾಯಿಯ ಗುಂಡು ಹೋಗಬಾರದು. ಇಂಥ ಕೋವಿ ಕೈಗೆ ಬಂದಾಗಲೆಲ್ಲ ನಾನು ನಳಿಗೆಯೊಳಗೆ ಬಹಳ ಹೊತ್ತು ನೋಡುತ್ತೇನೆ. ನಮ್ಮ ಜನರ ಮೇಲಿನ ಅಪನಂಬಿಕೆಯನ್ನು ಅಷ್ಟು ನುಣುಪಾಗಿ ಬರೆದ ದಾಖಲೆ ಪತ್ರಾಗಾರದಲ್ಲೂ ನನಗೆ ಸಿಕ್ಕಿಲ್ಲ.

ಅದಕ್ಕೂ ಹಿಂದಿನ, ಕಂಪನಿ ಕಾಲದ ಕೋವಿಗಳನ್ನು ಗುರುತಿಸುವುದು ಸುಲಭ. ನಾಲ್ಕು ಭಾಗ ಮಾಡಿದ ಹೃದಯದ ಚಿತ್ರ, ಒಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು, ಮೇಲೆ ನಾಲ್ಕು ಎಂಬ ಅಂಕೆಯಂಥ ಗುರುತು. ಇದು ಮೂಲತಃ ವ್ಯಾಪಾರಿಗಳು ಮೂಟೆಗಳ ಮೇಲೆ ಹಾಕುತ್ತಿದ್ದ ಗುರುತು. ಅದನ್ನೇ ಕೋವಿಯ ಮೇಲೂ ಒತ್ತಿದರು. 19ನೆಯ ಶತಮಾನದ ಆರಂಭದಲ್ಲಿ ಹೃದಯ ಹೋಗಿ, ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ ಬಂತು.

ಆ ಮೂಟೆ ಗುರುತಿನ ಕೋವಿಗಳಿಗೆ ಎದುರಾಗಿ ಶ್ರೀರಂಗಪಟ್ಟಣದ ಗೋಡೆಯ ಮೇಲೆ ನಿಂತಿದ್ದವು ಟಿಪ್ಪುವಿನ ಕಾರ್ಖಾನೆಗಳ ಕೋವಿಗಳು. ಇವುಗಳ ಕಾಲವನ್ನು ಗುರುತಿಸುವುದರಲ್ಲಿ ದೊಡ್ಡ ದೊಡ್ಡ ವಿದ್ವಾಂಸರೂ ಎಡವಬಹುದು. ಕನ್ನಡಿಗ ಓದುಗನ ಕೈಯಲ್ಲಿ ಮಾತ್ರ ಒಂದು ವಿಶೇಷ ಕೀಲಿಕೈ ಇದೆ; ಅದನ್ನು ಆಮೇಲೆ ಹೇಳುತ್ತೇನೆ. ಹುಲಿಪಟ್ಟೆಯ ಮುದ್ರೆ, ಅಂದರೆ ಬಬ್ರಿ. ಹುಲಿಮುಖದ ಆಕಾರದಲ್ಲಿ ಹೆಣೆದ ಅರಬ್ಬಿ ಅಕ್ಷರಗಳು. ಹೈದರ್ ಎಂಬ ಹೆಸರಿನ ಮುದ್ರೆ. ಹುಲಿಯ ತಲೆಯಂತೆ ಎರಕ ಹೊಯ್ದ ಕುದುರೆ. ಇವು ಯಾರ ಕಣ್ಣಿಗೂ ಬೀಳುತ್ತವೆ. ತೊಡಕು ವರ್ಷದ ಅಂಕೆಯಲ್ಲಿ.

ಟಿಪ್ಪು ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಶಕವನ್ನು ಜಾರಿಗೆ ತಂದ. ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಶಕ ಇದು. ಹಿಜರಿಯಂತೆ ಬರಿಯ ಚಾಂದ್ರಮಾನದ ವರ್ಷವಲ್ಲ. ನಮ್ಮ ಯುಗಾದಿಯಿಂದ ಯುಗಾದಿಗೆ ನಡೆಯುವ ವರ್ಷ. ಆದ್ದರಿಂದ ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಇಂಗ್ಲಿಷ್ ವರ್ಷ ಸಿಗುತ್ತದೆ. 1224 ಎಂದಿದ್ದರೆ 1796-97. ಇದೇ ಅಂಕೆಯನ್ನು ಹಿಜರಿ ಎಂದು ಓದಿದರೆ 1809 ಬರುತ್ತದೆ. ಟಿಪ್ಪು ಹುತಾತ್ಮನಾಗಿ ಹತ್ತು ವರ್ಷ ಕಳೆದ ಮೇಲೆ! ಇನ್ನೊಂದು ಬಲೆಯಿದೆ. ಮೌಲೂದಿ ಬಂದಮೇಲೆ ಟಿಪ್ಪು ಅಂಕೆಗಳನ್ನೂ ಅಕ್ಷರಗಳಂತೆ ಬಲದಿಂದ ಎಡಕ್ಕೆ ಬರೆಸಿದ. ನಾಣ್ಯಗಳಲ್ಲಿ ಇದು ಎದ್ದು ಕಾಣುತ್ತದೆ: 1215 ಎಂಬುದು ನಮ್ಮ ಕಣ್ಣಿಗೆ 5121. ಆಯುಧ ಓದುವವರೂ ಇದನ್ನು ಸದಾ ನೆನಪಿನಲ್ಲಿಡಬೇಕು.

ಇನ್ನು ಕೀಲಿಕೈ. ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನು ಟಿಪ್ಪು ಕೈಬಿಡಲಿಲ್ಲ, ಹೆಸರು ಮಾತ್ರ ಬದಲಿಸಿದ. ಆ ಹೆಸರುಗಳನ್ನು ಮನಸ್ಸಿಗೆ ತೋಚಿದಂತೆ ಇಟ್ಟದ್ದಲ್ಲ. ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ಹೆಸರಿನ ಅಕ್ಷರಗಳನ್ನು ಕೂಡಿದರೆ ಸಂವತ್ಸರದ ಕ್ರಮಸಂಖ್ಯೆ ಬರಬೇಕು. ಮೌಲೂದಿ 1226ರ ಹೆಸರು ಶಾದಾಬ್. ಶೀನ್‌ಗೆ 40, ಅಲಿಫ್‌ಗೆ 1, ದಾಲ್‌ಗೆ 8, ಮತ್ತೆ ಅಲಿಫ್ 1, ಬೇ 2. ಒಟ್ಟು 52. ಪ್ರಭವದಿಂದ ಎಣಿಸುತ್ತ ಬನ್ನಿ, ಐವತ್ತೆರಡನೆಯದು ಕಾಳಯುಕ್ತಿ. 1798-99 ಕಾಳಯುಕ್ತಿಯೇ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು, ಮುಂದಿನ ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ. ನಾನು ಮೊದಲ ಸಲ ಈ ಲೆಕ್ಕವನ್ನು ಕಾಗದದ ಮೇಲೆ ಕೂಡಿ ನೋಡಿದ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಅರಬ್ಬಿ ಅಕ್ಷರ, ನಮ್ಮ ಅಜ್ಜಿಯರು ಪಂಚಾಂಗ ನೋಡಿ ಹೇಳುತ್ತಿದ್ದ ಸಂವತ್ಸರ, ಎರಡೂ ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ಟಿಪ್ಪುವಿನ ಕಾಲದ ವಸ್ತು ಯಾವುದೇ ಇರಲಿ, ಓದಲು ಕೂರುವಾಗ ಪಕ್ಕದಲ್ಲಿ ಒಂದು ಪಂಚಾಂಗ ಇಟ್ಟುಕೊಳ್ಳಿ.

ಈಗ ನಮಗೆಲ್ಲ ಹೆಚ್ಚು ಪರಿಚಯದ ತ್ರೀ-ನಾಟ್-ತ್ರೀಗೆ ಬರುತ್ತೇನೆ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಪೆರೇಡಿಗೆ ನನಗೆ ಕೊಟ್ಟಿದ್ದ ರೈಫಲ್ಲಿನ ಮೇಲೆ ಡಿ.ಪಿ. ಎಂಬ ದಪ್ಪ ಅಕ್ಷರಗಳಿದ್ದವು. ಕವಾಯತಿಗೆ ಮಾತ್ರ, ಗುಂಡು ಹಾರಿಸುವಂತಿಲ್ಲ ಎಂದರ್ಥ. ಬಿಸಿಲಿನಲ್ಲಿ ವಿಶ್ರಾಮ್‌ನಲ್ಲಿ ನಿಂತಿದ್ದಾಗ ಆ ಅಕ್ಷರಗಳ ಕೆಳಗೆ, ಕುಂದ ಬಂದು ಸೇರುವ ಉಕ್ಕಿನ ಕುತ್ತಿಗೆಯ ಬಲಮಗ್ಗುಲಲ್ಲಿ ಇನ್ನಷ್ಟು ಅಕ್ಷರಗಳಿರುವುದು ಕಂಡಿತು. ಕಿರೀಟ. ಜಿ.ಆರ್.ಐ. ಈಶಾಪುರ. 1942. ಅದರಡಿ ರೈಫಲ್ಲಿನ ಮಾದರಿ. ನಾನು ಕೋವಿಯ ಮೇಲೆ ಓದಿದ ಮೊದಲ ಶಾಸನ ಅದೇ.

ಈ ಲೀ-ಎನ್‌ಫೀಲ್ಡ್ ರೈಫಲ್ಲುಗಳ ಗುಣವೆಂದರೆ ಹುಟ್ಟಿದ ಊರು, ವರ್ಷ, ದೊರೆ, ಮಾದರಿ ಎಲ್ಲವೂ ಆ ಕುತ್ತಿಗೆಯ ಮೇಲೆ ಒಂದೇ ಕಡೆ ಸಿಗುತ್ತವೆ. ವಿ.ಆರ್. ಇದ್ದರೆ 1901ರವರೆಗಿನದು, ಇ.ಆರ್. ಇದ್ದರೆ 1901ರಿಂದ 1910ರದು, ಆಮೇಲೆ ಬಹುಪಾಲು ಜಿ.ಆರ್. ಬಿಎಸ್‌ಎ ಎಂದಿದ್ದರೆ ಬರ್ಮಿಂಗ್‌ಹ್ಯಾಮ್, ಎಲ್‌ಎಸ್‌ಎ ಎಂದಿದ್ದರೆ ಲಂಡನ್. ರೋಮನ್ ಮೂರು ಇದ್ದರೆ 1907ರಲ್ಲಿ ಬಂದ ಮಾದರಿ; ಮೂರರ ಪಕ್ಕ ನಕ್ಷತ್ರವಿದ್ದರೆ ಮೊದಲ ಮಹಾಯುದ್ಧದ ಅವಸರದಲ್ಲಿ ಬಹುದೂರದ ಗುರಿ ಹಿಡಿಯುವ ಪಟ್ಟಿಯಂಥ ಕೆಲವು ಭಾಗಗಳನ್ನು ಕೈಬಿಟ್ಟು ಸರಳಗೊಳಿಸಿದ್ದು. ಎಫ್‌ಟಿಆರ್ ಎಂದು ಪಕ್ಕದಲ್ಲೊಂದು ವರ್ಷವಿದ್ದರೆ ಅದು ಹುಟ್ಟಿದ ವರ್ಷವಲ್ಲ, ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಿದ ವರ್ಷ. ಇದನ್ನು ತಿಳಿಯದೆ ಹತ್ತಾರು ವರ್ಷ ತಪ್ಪಿದವರಿದ್ದಾರೆ.

ಈಶಾಪುರದ ಗುರುತು ನಮಗೆ ಇನ್ನೂ ಹತ್ತಿರದ್ದು. ಕೋಲ್ಕತ್ತದ ಬಳಿಯ ಆ ರೈಫಲ್ ಕಾರ್ಖಾನೆಯ ಹಳೆಯ ರೈಫಲ್ಲುಗಳ ಮೇಲಿನ ಜಿ.ಆರ್.ಐ.ನಲ್ಲಿ ಕೊನೆಯ ಅಕ್ಷರ ಐ ಎಂದರೆ ಇಂಪರೇಟರ್, ಚಕ್ರವರ್ತಿ. ಇಂಗ್ಲೆಂಡಿನಲ್ಲಾದ ರೈಫಲ್ಲಿನ ಮೇಲೆ ಅದೇ ದೊರೆ ಬರಿಯ ಜಿ.ಆರ್., ಭಾರತದಲ್ಲಿ ಆದದ್ದರ ಮೇಲೆ ಚಕ್ರವರ್ತಿ. ಒಂದೇ ಅಕ್ಷರದಲ್ಲಿ ವಸಾಹತು ಇದೆ. ಸ್ವಾತಂತ್ರ್ಯ ಬಂದು, ಗಣರಾಜ್ಯವಾದ ಮೇಲಿನ ರೈಫಲ್ಲುಗಳಲ್ಲಿ ಅದೇ ಜಾಗದಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ನಿಂತಿವೆ, ಕೆಳಗೆ ಆರ್‌ಎಫ್‌ಐ ಎಂದಿದೆ. ಅದೇ ಯಂತ್ರ, ಅದೇ ಉಕ್ಕಿನ ಕುತ್ತಿಗೆ. ನಮ್ಮ ರಾಜ್ಯಾಂಗದ ಬಗ್ಗೆ ನಾನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಎರಡು ರೈಫಲ್ಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ದಿನ ಮಕ್ಕಳು ಕೇಳಿದಷ್ಟು ಪ್ರಶ್ನೆಗಳನ್ನು ಬೇರೆ ದಿನ ಕೇಳಲಿಲ್ಲ. 1960ರ ದಶಕದಲ್ಲಿ ಇದೇ ಕಾರ್ಖಾನೆ 7.62 ಮಿ.ಮೀ. ತೋಟಾಕ್ಕೆ ಹೊಂದುವ 2ಎ, 2ಎ1 ಎಂಬ ರೈಫಲ್ಲುಗಳನ್ನು ಮಾಡಿತು. ನೋಡಲು ಹಳೆಯ ತ್ರೀ-ನಾಟ್-ತ್ರೀಯಂತೆಯೇ ಇರುವುದರಿಂದ ಹಳೆಯದನ್ನು ತಿದ್ದಿದ್ದು ಎಂದು ಎಷ್ಟೋ ಜನ ಬರೆದಿದ್ದಾರೆ. ಅಲ್ಲ, ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. ಕುತ್ತಿಗೆಯ ಮೇಲಿನ ಬರಹ ಓದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಬೇರೆ ದೇಶಗಳ ರೈಫಲ್ಲುಗಳ ಬಗ್ಗೆ ಒಂದೆರಡು ಮಾತು ಸಾಕು. ಜಪಾನಿನವರೂ ನಮ್ಮಂತೆ ಶಕಗಳ ಲೆಕ್ಕದವರು. ಅವರ 38ನೆಯ ಮಾದರಿ ಎಂದರೆ ಮೇಜಿ ಶಕದ 38, ಅಂದರೆ 1905. 99ನೆಯ ಮಾದರಿ ಎಂದರೆ ಸಾಮ್ರಾಜ್ಯದ ವರ್ಷ 2599, ಅಂದರೆ 1939. ನಳಿಗೆಯ ಬುಡದಲ್ಲಿ ಹದಿನಾರು ಎಸಳಿನ ಸೇವಂತಿಗೆ ಚಕ್ರವರ್ತಿಯ ಮುದ್ರೆ. 1945ರಲ್ಲಿ ಶರಣಾದಾಗ ಅದನ್ನು ಉಜ್ಜಿ ಅಳಿಸಿ ಕೋವಿಗಳನ್ನು ಒಪ್ಪಿಸಿದರು. ಆ ಉಜ್ಜಿದ ಕಲೆಯೇ ಒಂದು ತಾರೀಖು. ಜರ್ಮನಿಯವರು ತಾವು ಶಸ್ತ್ರ ಮಾಡುತ್ತಿರುವುದು ತಿಳಿಯಬಾರದೆಂದು ವರ್ಷವನ್ನೇ ಅಕ್ಷರದಲ್ಲಿ ಅಡಗಿಸಿದರು: ಕೆ ಎಂದರೆ 1934, ಜಿ ಎಂದರೆ 1935. ಎಸ್/42 ಎಂಬ ಗುಟ್ಟಿನ ಹೆಸರು ಓಬರ್ನ್‌ಡಾರ್ಫಿನ ಮೌಸರ್ ಕಾರ್ಖಾನೆಯದು.

ಸುಳ್ಳು ಶಾಸನಗಳಿರುವಂತೆ ಸುಳ್ಳು ಕೋವಿಗಳೂ ಇವೆ. ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಮ್‌ಖೇಲ್‌ನಲ್ಲಿ ಕಮ್ಮಾರರು ತಲೆಮಾರುಗಳಿಂದ ಬ್ರಿಟಿಷ್ ರೈಫಲ್ಲುಗಳನ್ನು ಕೈಯಿಂದಲೇ ನಕಲು ಮಾಡುತ್ತಾ ಬಂದವರು. ಅವರ ಕೈಚಳಕಕ್ಕೆ ನನ್ನ ನಮಸ್ಕಾರವಿದೆ. ಅಕ್ಷರ ಬಾರದವರು ಅಕ್ಷರವನ್ನು ಚಿತ್ರವಾಗಿ ಕೆತ್ತಿದಾಗ ಎನ್‌ಫೀಲ್ಡಿನ ಎನ್ ತಿರುಗುಮುರುಗಾಗುತ್ತದೆ, ಕಾಗುಣಿತ ತಪ್ಪುತ್ತದೆ. ವಿ.ಆರ್. ಎಂಬ ಮುದ್ರೆಯ ಕೆಳಗೆ 1901 ದಾಟಿದ ವರ್ಷ ಕಂಡರೆ ಅಲ್ಲಿಯೇ ನಿಲ್ಲಿ. ರಾಣಿ ತೀರಿಕೊಂಡ ಮೇಲೆ ಯಾವ ಸರ್ಕಾರಿ ಕಾರ್ಖಾನೆಯೂ ಹೊಸ ಕೋವಿಗೆ ಆಕೆಯ ಹೆಸರು ಒತ್ತಿಲ್ಲ.

ನನಗೆ ಸುಳ್ಳು ಗುರುತಿಗಿಂತ ಅಳಿದ ಗುರುತಿನದೇ ದುಃಖ. ಒಂದು ಸಂಗ್ರಹದಲ್ಲಿ, ಅದರ ಹೆಸರು ಬೇಡ, ಮಸಿ ಹಿಡಿದ ಒಂದು ಚಕಮಕಿ ಕೋವಿಯ ಬೀಗದ ಮೇಲೆ ಹೃದಯದ ಗುರುತನ್ನೂ ಅದರ ಕೆಳಗೆ ಅರ್ಧಂಬರ್ಧ ಕಾಣುವ ಮೂರು ಅಂಕೆಗಳನ್ನೂ ನೋಡಿದ್ದೆ. ಬೆಳಕು ಸಾಲದು, ಇನ್ನೊಮ್ಮೆ ಬಂದು ಬರೆದುಕೊಳ್ಳೋಣ ಎಂದು ಹೊರಟುಬಂದೆ. ನವರಾತ್ರಿ ಕಳೆದ ಮೇಲೆ ಮತ್ತೆ ಹೋದಾಗ ಕೋವಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆಯುಧಪೂಜೆಗೆ ಎಂದು ಶ್ರದ್ಧೆಯಿಂದ ಉಪ್ಪುಕಾಗದ ಹಾಕಿ ತಿಕ್ಕಿದ್ದರು. ಹೃದಯವೂ ಇಲ್ಲ, ಅಂಕೆಗಳೂ ಇಲ್ಲ. ಬೆರಳಿನಿಂದ ಸವರಿ ನೋಡಿದೆ, ತಗ್ಗು ಕೂಡ ತಾಗಲಿಲ್ಲ. ಆ ಮೊದಲ ದಿನ ನನ್ನ ಜೇಬಿನಲ್ಲಿ ಪೆನ್ಸಿಲ್ಲೂ ಇತ್ತು, ಕಾಗದವೂ ಇತ್ತು.

ಅಂದಿನಿಂದ ನನ್ನ ಕ್ರಮ ಬದಲಾಯಿತು, ನಿಮ್ಮಲ್ಲೂ ಕೈಮುಗಿದು ಕೇಳುವುದು ಅದನ್ನೇ. ಮೊದಲು ತೋಟಾ ಇಲ್ಲವೆಂದು, ಮದ್ದು ತುಂಬುವ ಕೋವಿಯಾದರೆ ಒಳಗೆ ಹಳೆಯ ಮದ್ದು ಉಳಿದಿಲ್ಲವೆಂದು ತಿಳಿದವರಿಂದ ಖಾತ್ರಿ ಮಾಡಿಸಿಕೊಳ್ಳಿ. ನೂರು ವರ್ಷದ ಮದ್ದೂ ಹೊತ್ತಿಕೊಳ್ಳುತ್ತದೆ. ತಿಕ್ಕಬೇಡಿ, ಮೆತ್ತನೆಯ ಬಟ್ಟೆಗೆ ಎಣ್ಣೆ ಸೋಕಿಸಿ ಒರೆಸಿದರೆ ಸಾಕು. ಟಾರ್ಚನ್ನು ನೇರ ಹಿಡಿಯದೆ ಮಗ್ಗುಲಿನಿಂದ ಹಿಡಿಯಿರಿ, ಸವೆದ ಅಕ್ಷರ ನೆರಳಾಗಿ ಏಳುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಪಡಿಯಚ್ಚು ತೆಗೆಯಿರಿ. ಕೋವಿಯನ್ನು ಮರದಿಂದ ಬಿಚ್ಚಿದಾಗಲೆಲ್ಲ ನಳಿಗೆಯ ತಳಮಗ್ಗುಲನ್ನು ಮರೆಯದೆ ನೋಡಿ. ಕಾಣದ ಜಾಗದ ಗುರುತುಗಳೇ ಹೆಚ್ಚು ಉಳಿದಿರುತ್ತವೆ. ಗುರುತು ಅಳಿಸುವುದು, ತಿದ್ದುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಅಪರಾಧವೂ ಹೌದು. ಕೊಡಗಿನ ಮನೆಗಳಿಗೆ 1861ರಿಂದ ಬಂದಿರುವ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಹಾಗಾಗಿ ಓದಲು ಕಾದಿರುವ ಕೋವಿಗಳು ಇನ್ನೂ ಮನೆಗಳಲ್ಲೇ ಇವೆ.

ಆ ಐನ್‌ಮನೆಯ ಹಿರಿಯರಿಗೆ ಕೊನೆಗೆ ಹೇಳಿದೆ. "ತಾತ, ಈ ಕೋವಿ 1837ರದ್ದಲ್ಲ. ಬೀಗ 1862ರದ್ದು, ತೋಟಾಕೋವಿ ಆದದ್ದು 1867ರ ಮೇಲೆ, ನಿಮ್ಮ ಮನೆಗೆ ಬಂದದ್ದು ಬಹುಶಃ 1904 ಕಳೆದ ಮೇಲೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾಡಿದ ಹೂವನ್ನು ಬೆರಳಲ್ಲಿ ತಿರುಗಿಸುತ್ತ, "ಹಾಗಾದರೆ ಅವರಿಗೆ ಕೊಟ್ಟ ಕೋವಿ ಬೇರೆ ಇದ್ದಿರಬೇಕು. ಅದು ಹೋದಮೇಲೆ ಅದರ ಕಥೆ ಇದಕ್ಕೆ ಬಂದು ಸೇರಿಕೊಂಡಿದೆ" ಎಂದರು. ಇಷ್ಟು ಸರಿಯಾದ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಮೇಲೆ ಅವರೇ ಕೋವಿಯನ್ನು ಮಗುಚಿ, ಕುಂದದ ಎಡಮಗ್ಗುಲನ್ನು ನನ್ನ ಕಡೆ ಹಿಡಿದರು. "ಇದನ್ನು ನೀವು ಓದಲೇ ಇಲ್ಲವಲ್ಲ." ಎಣ್ಣೆ ಕುಡಿದು ಕಪ್ಪಾದ ಮರದಲ್ಲಿ ಚಾಕುವಿನಿಂದ ಕೆತ್ತಿದ ಒಂದು ಕನ್ನಡ ಅಕ್ಷರ ಇತ್ತು, ಆ ಒಕ್ಕದ, ಅಂದರೆ ಮನೆತನದ, ಹೆಸರಿನ ಮೊದಲಕ್ಷರ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಎಲ್ಲರ ಕೋವಿಗಳನ್ನೂ ಒಂದೇ ಮರಕ್ಕೆ ಒರಗಿಸಿಟ್ಟು, ಅದಲುಬದಲಾಗಿ, ಬೇರೆ ಮನೆಯ ಕೋವಿ ಇವರ ಮನೆಗೆ ಬಂದುಬಿಟ್ಟಿತ್ತಂತೆ. ಮರಳಿ ತಂದ ರಾತ್ರಿಯೇ ಅವರ ಅಪ್ಪ ಕೂತು ಕೆತ್ತಿದ್ದು. ಯಾವ ವರ್ಷ ಎಂದು ಕೇಳಿದೆ. "ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಕೈಲ್‌ಪೊಳ್ದ್" ಎಂದರು.

ಕೊಡಗು ಸೇರಿದ್ದು 1956ರ ನವೆಂಬರ್ 1ರಂದು. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರಿನಲ್ಲಿ. ನನ್ನ ಪುಸ್ತಕದಲ್ಲಿ ಬೀಗ, ಮುಚ್ಚಳ, ಬಾಣ, ನಳಿಗೆ ಎಂದು ನಾಲ್ಕು ಸಾಲು ಆಗಿತ್ತು. ಐದನೆಯ ಸಾಲು ಬರೆದುಕೊಂಡೆ: ಕುಂದ, ಎಡಮಗ್ಗುಲು, ಕನ್ನಡ ಅಕ್ಷರ ಒಂದು, ಕೈಕೆತ್ತನೆ, ಸೆಪ್ಟೆಂಬರ್ 1957.